ಅನ್ನ ಬೇಯದ ಮನೆ

ಸ್ವಾಮಿ ಒಂದೊಂದು ಊರಿಗೆ ಒಂದೊಂದು ಕಷ್ಟ ಕೊಟ್ಟು ಕಳಿಸಿದಾಗ ನಮ್ಮೂರಿನ ಪಾಲಿಗೆ ಬಂದದ್ದು ಅನ್ನದ ಕಷ್ಟ. ಅಕ್ಕಿಗೆ ಕೊರತೆಯಿಲ್ಲ, ಸೌದೆಗೆ ಕೊರತೆಯಿಲ್ಲ, ಬಾವಿಯ ತುಂಬ ನೀರಿದೆ. ಆದರೆ ಯಾವ ಮನೆಯಲ್ಲಿ ಮಗುವೊಂದು ದುಃಖವನ್ನು ಒಳಗೇ ಇಟ್ಟುಕೊಂಡು ಕೂತಿರುತ್ತದೋ ಆ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಒಲೆ ಉರಿಯುತ್ತದೆ, ಎಸರು ಮರಳುತ್ತದೆ, ಅಕ್ಕಿ ನೀರಿನೊಳಗೆ ಕುಣಿಯುತ್ತದೆ. ಬೇಯುವುದು ಮಾತ್ರ ಇಲ್ಲ. ಗಂಜಿ ಬಿಡದೆ ನೀರು ತಿಳಿಯಾಗಿಯೇ ಉಳಿಯುತ್ತದೆ. ಸೌಟಿನಲ್ಲಿ ಒಂದು ಕಾಳು ಎತ್ತಿ ಬೆರಳ ನಡುವೆ ಹಿಸುಕಿದರೆ ಕಲ್ಲು.

ಬೇಳೆ ಬೇಯುತ್ತದೆ, ಸೊಪ್ಪು ಬೇಯುತ್ತದೆ. ರಾಗಿಗೂ ಈ ನಿಯಮವಿಲ್ಲ. ಹಾಗಾಗಿ ಹಿಂದಿನವರು ಮಕ್ಕಳ ಮುಖ ನೋಡುವ ಗೋಜಿಗೇ ಹೋಗದೆ ಮುದ್ದೆ ತಿಂದುಕೊಂಡು ಆಯಸ್ಸು ಕಳೆದುಬಿಟ್ಟರಂತೆ. ಆದರೆ ಸ್ವಾಮಿಗೆ ಮುದ್ದೆಯ ನೈವೇದ್ಯವಿಲ್ಲ. ಸ್ವಾಮಿಗೆ ಅನ್ನವೇ ಆಗಬೇಕು, ಅದೂ ಮಕ್ಕಳಿರುವ ಪ್ರತಿ ಮನೆಯಿಂದ ಒಂದೊಂದು ಹಿಡಿ.

ಆ ಹಿಡಿ ಅನ್ನವನ್ನು ಎತ್ತುವವಳು ನಾನು. ದೀಪ ಹಚ್ಚುವ ಹೊತ್ತಿಗೆ ಸ್ವಾಮಿಯ ಹಿತ್ತಾಳೆ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ಹೊಸ್ತಿಲಿಂದ ಹೊಸ್ತಿಲಿಗೆ ಹೋಗುತ್ತೇನೆ. ದೊಡ್ಡವರು ಪಾತ್ರೆಯಮ್ಮ ಅನ್ನುತ್ತಾರೆ, ಮಕ್ಕಳು ಪಾತ್ರೆಯಜ್ಜಿ ಅನ್ನುತ್ತವೆ. ಒಬ್ಬೊಬ್ಬರು ಬಂದು ಬಿಸಿ ಅನ್ನದ ಹಿಡಿ ಹಾಕುತ್ತಾರೆ, ಪಾತ್ರೆ ತುಂಬುತ್ತದೆ, ನನ್ನ ಸೊಂಟ ಬೆಚ್ಚಗಾಗುತ್ತದೆ. ಆ ಬಿಸಿ ತಾಗಿದಾಗೆಲ್ಲ ಸ್ವಾಮಿಯೇ ಮಗುವಾಗಿ ಸೊಂಟ ಏರಿದ್ದಾನೆ ಅನ್ನಿಸುತ್ತದೆ. ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಅದರ ಬಗ್ಗೆ ಅವನಲ್ಲಿ ನಾನು ದೂರು ಹೇಳಿದವಳೂ ಅಲ್ಲ.

ಹಿಡಿ ಬರದ ಮನೆಗಳೂ ಇರುತ್ತವೆ. ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ಒಂದು ಹಿಡಿಯೂ ಹಾಕಲಾಗದ ಮನೆಯವರು ತಮ್ಮ ಮಗುವನ್ನು ಕೇಳುವವರ ಮನೆಗೆ ಒಪ್ಪಿಸಬೇಕು. ದಿಬ್ಬದ ಮೇಲೆ ಬಿಳಿ ಸುಣ್ಣ ಬಳಿದುಕೊಂಡು ನಿಂತಿರುವುದೇ ಆ ಮನೆ. ಅಲ್ಲಿಯವರು ಒಳ್ಳೆಯವರು, ಕೈ ಎತ್ತುವುದಿಲ್ಲ, ಗದರುವುದಿಲ್ಲ, ಹೊತ್ತು ಹೊತ್ತಿಗೆ ಊಟ ಕೊಡುತ್ತಾರೆ. ಅವರ ಕೆಲಸ ಕೇಳುವುದು. ಏನಾಯಿತು, ಎಲ್ಲಿ ನೋವು, ಯಾವಾಗಿನಿಂದ, ಯಾರಿಂದ, ಎಂದು ಮೆಲ್ಲಗೆ, ನಗುನಗುತ್ತ, ಬಿಡದೆ ಕೇಳುತ್ತಾರೆ. ಅಲ್ಲಿಂದ ತಿರುಗಿ ಬಂದ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ. ಒಳಗಿನದನ್ನೆಲ್ಲ ತಡವರಿಸದೆ ಒಪ್ಪಿಸುತ್ತಾರೆ. ಆದರೆ ಹೆತ್ತ ತಾಯಿಯನ್ನು ‘ನೀವು’ ಅನ್ನುತ್ತಾರೆ.

ಕೊನೆಯ ಬೀದಿಯ ತಾಯಿಗೆ ಇದ್ದದ್ದು ಆ ಭಯ.

ಅವಳು ಅಜಾಗ್ರತೆಯ ಹೆಂಗಸಾಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಮಗಳು ಹೊಟ್ಟೆಯಲ್ಲಿದ್ದಾಗಲೇ ಕೇಳುವವರ ಮನೆಗೆ ಹೋಗಿ ಪಾಠ ಹೇಳಿಸಿಕೊಂಡು ಬಂದವಳು. ಮಗುವಿನೊಡನೆ ಮಾತಾಡುವಾಗ ನಿಂತು ಮಾತಾಡಬಾರದು, ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕೆ ಬರಬೇಕು ಎಂದಿದ್ದರು. ಅವಳ ಮಂಡಿ ಕಪ್ಪಗಾಗಿ ದಡ್ಡುಗಟ್ಟಿತ್ತು. ಅಳಬೇಡ ಅನ್ನಬಾರದು ಎಂದಿದ್ದರು, ಅವಳು ಒಂದು ದಿನವೂ ಅನ್ನಲಿಲ್ಲ. ನಡುಮನೆಯ ಗೋಡೆಗೆ ಮುಖಗಳ ಹಲಗೆ ತೂಗುಹಾಕಿದ್ದಳು. ಅದರ ಮೇಲೆ ನಗುವ ಮುಖ, ಸಿಟ್ಟಿನ ಮುಖ, ಹೆದರಿದ ಮುಖ, ನಾಚಿದ ಮುಖ ಎಲ್ಲ ಬರೆದಿದ್ದಳು. ಮಗು ಬೆರಳಿಟ್ಟು ತೋರಿಸಿದರೆ ಸಾಕು, ಬಾಯಿಬಿಟ್ಟು ಹೇಳುವ ಕಷ್ಟವೂ ಬೇಡ.

ಮಗಳು ಚಿಕ್ಕವಳಿದ್ದಾಗ ಎಲ್ಲ ಸರಿಯಾಗಿಯೇ ಇತ್ತು. ಇರುವೆ ಕಚ್ಚಿತು, ಗೊಂಬೆಯ ಕೈ ಮುರಿಯಿತು, ಪಕ್ಕದ ಮನೆಯವನು ದೂಡಿದ, ಎಲ್ಲ ಬಂದು ಹೇಳುತ್ತಿದ್ದಳು. ಅನ್ನ ಅರಳುತ್ತಿತ್ತು. ಆಮೇಲೆ ಒಂದು ಹುಣ್ಣಿಮೆ ಕಳೆದ ಮರುದಿನ, ಯಾವ ಕಾರಣವೂ ಇಲ್ಲದೆ, ಅವರ ಮನೆಯ ಎಸರು ತಿಳಿಯಾಯಿತು.

ಮೊದಲ ಸಂಜೆ ತಾಯಿ ನಗುತ್ತಲೇ ಕೈಯಾಡಿಸಿ ನನ್ನನ್ನು ಕಳಿಸಿದಳು. ನಾಳೆ ಎರಡು ಹಿಡಿ ಹಾಕ್ತೀನಿ ಪಾತ್ರೆಯಮ್ಮ ಅಂದಳು. ನಾಳೆ ಬಂತು, ಅದರ ನಾಳೆಯೂ ಬಂತು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ತಾಯಿ ಒಲೆಯ ಮುಂದೆ ಮಂಡಿಯೂರಿರುತ್ತಾಳೆ, ಮಗಳು ಎದುರಿಗೆ ಮಣೆಯ ಮೇಲೆ ಕೂತಿರುತ್ತಾಳೆ. ತಾಯಿ ಕೇಳುತ್ತಾಳೆ. ಮಗಳು ಏನೋ ಒಂದು ಹೇಳುತ್ತಾಳೆ. ಮಾತು ಮುಗಿಯುವ ಮೊದಲೇ ತಾಯಿಯ ಕೈ ಸೌಟಿಗೆ ಹೋಗುತ್ತದೆ. ಒಂದು ಕಾಳು ಎತ್ತುತ್ತಾಳೆ, ಹಿಸುಕುತ್ತಾಳೆ, ತಲೆಯಾಡಿಸುತ್ತಾಳೆ. ಮಗಳು ಆ ಕಾಳನ್ನು ನೋಡುತ್ತಾಳೆ. ತಾಯಿ ಮತ್ತೆ ಕೇಳುತ್ತಾಳೆ.

ಇದನ್ನು ನಾನು ಊರಿನ ಎಲ್ಲ ಮನೆಗಳಲ್ಲೂ ನೋಡಿದ್ದೆ. ಕೇಳುವುದು, ಕಾಳು ಹಿಸುಕುವುದು, ಕೇಳುವುದು, ಕಾಳು ಹಿಸುಕುವುದು. ಇದರಲ್ಲಿ ಏನೋ ತಪ್ಪಿದೆ ಎಂದು ನನಗೂ ಹೊಳೆದಿರಲಿಲ್ಲ. ಗಂಟೆ ಬಾರಿಸಿದರೆ ಆರತಿ, ಆರತಿಯಾದರೆ ತೀರ್ಥ ಅನ್ನುವ ಹಾಗೆ ಇದೂ ಒಂದು ಕ್ರಮ ಎಂದುಕೊಂಡಿದ್ದೆ.

ಮಗಳಿಗೆ ಹೇಳಲು ಇರುವುದೆಲ್ಲ ಬೇಗ ಮುಗಿದುಹೋಯಿತು. ಆಮೇಲೆ ಕಟ್ಟಿ ಹೇಳತೊಡಗಿದಳು. ಪಕ್ಕದ ಮನೆಯ ಹುಡುಗ ಹೊಡೆದ ಅಂದಳು, ಆ ಹುಡುಗ ಆ ವಾರವೆಲ್ಲ ಊರಲ್ಲೇ ಇರಲಿಲ್ಲ. ಕನಸಿನಲ್ಲಿ ಹುಲಿ ಬಂತು ಅಂದಳು. ಹುಲಿಗೂ ಅಕ್ಕಿ ಮೆತ್ತಗಾಗಲಿಲ್ಲ. ಹಲಗೆಯ ಹತ್ತಿರ ನಿಲ್ಲಿಸಿದರೆ ಅಮ್ಮನ ಮುಖ ನೋಡುತ್ತ ಒಂದೊಂದೇ ಮುಖದ ಮೇಲೆ ಬೆರಳಿಡುತ್ತಿದ್ದಳು, ಇದಾ, ಇದಾ, ಎಂದು ಅವಳೇ ಕೇಳುವ ಹಾಗೆ. ಕೊನೆಗೆ ಉಳಿದದ್ದು ಒಂದೇ ಉತ್ತರ, “ಗೊತ್ತಿಲ್ಲಮ್ಮ.” ಆ ಉತ್ತರಕ್ಕೆ ತಾಯಿ ಕಾಳು ಹಿಸುಕಿ ನೋಡುತ್ತಲೂ ಇರಲಿಲ್ಲ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ತಮ್ಮ ಮನೆಯಲ್ಲಿ ಎರಡು ಕುದಿಗೇ ಅನ್ನ ಮಲ್ಲಿಗೆಯಾಗುತ್ತದೆ ಎಂದು ಹೇಳಿಹೋಗುತ್ತಿದ್ದಳು. ತನ್ನ ಮಗ ಏನನ್ನೂ ಮುಚ್ಚಿಡುವುದಿಲ್ಲವಂತೆ, ಮನೆಯಲ್ಲಿ ಅಂಥ ವಾತಾವರಣ ಇಟ್ಟಿದ್ದಾಳಂತೆ. “ನೀವು ಜಾಸ್ತಿ ಮುದ್ದು ಮಾಡ್ತೀರೇನೋ,” ಅಂದಳು. ಮಾರನೆಯ ದಿನ, “ನೀವು ಜಾಸ್ತಿ ಬಿಗಿ ಮಾಡ್ತೀರೇನೋ,” ಅಂದಳು. ತಾಯಿ ಎರಡಕ್ಕೂ ಹೌದೇನೋ ಅಂದಳು.

ಮನೆಯೊಳಗೂ ಮಾತಿಗೇನೂ ಬರವಿರಲಿಲ್ಲ. ತಂದೆ ಮಗಳನ್ನು ನಗಿಸಿದರೆ ಸಾಕೆಂದು ಕತ್ತೆಯಾಗಿ, ಕೋತಿಯಾಗಿ, ಹೆಂಡತಿಯ ಸೆರಗು ಹೊದ್ದು ಮದುವಣಗಿತ್ತಿಯಾಗಿ ಕುಣಿದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅನ್ನ ಬೇಯಲಿಲ್ಲ. ಅವನಿಗೆ ಬೇಸರವಾಗಿ, ನಾವು ಚಿಕ್ಕವರಿದ್ದಾಗ ಯಾರು ಕೇಳ್ತಿದ್ದರು, ನಾವೇನು ಸರಿಯಾಗಿ ಬೆಳೆಯಲಿಲ್ಲವಾ ಅಂದ. ಹೆಂಡತಿ ಸೌಟು ಕೆಳಗಿಡದೆ, “ಸರಿಯಾಗಿ ಬೆಳೆದಿದ್ದೀರಾ ಅಂತ ನಿಮಗೆ ಯಾರು ಹೇಳಿದ್ದು?” ಎಂದು ಕೇಳಿದಳು. ಅವನು ಎದ್ದು ಜಗಲಿಗೆ ಹೋದ.

ಕೇಳುವವರ ಮನೆಯಿಂದ ಹಿರಿಯ ಕೇಳುವವಳು ಬಂದು ಉಸಿರಿನ ಪಾಠ ಹೇಳಿಕೊಟ್ಟಳು. ಹೂವಿನ ಪರಿಮಳ ತೆಗೆದುಕೊಂಡ ಹಾಗೆ ಉಸಿರು ಎಳೆಯಬೇಕು, ದೀಪ ಊದಿದ ಹಾಗೆ ಬಿಡಬೇಕು, ಆಗ ಒಳಗಿನ ಗಂಟು ಸಡಿಲವಾಗುತ್ತದೆ ಎಂದಳು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಮಗುವಿನ ಅಜ್ಜಿ ತಲೆ ಎತ್ತಿದಳು. ಬಾಯಿಂದ ಊದಿ ದೀಪ ಆರಿಸುವುದನ್ನು ಹೆಣ್ಣುಮಗುವಿಗೆ, ಅದೂ ದೀಪ ಹಚ್ಚುವ ಹೊತ್ತಿನಲ್ಲಿ ಕಲಿಸುತ್ತಿದ್ದೀರಲ್ಲ ತಾಯಿ, ನಿಮಗೇನು ದೇವರು ದಿಂಡರು ಇಲ್ಲವೇ ಎಂದು ಕೇಳಿದಳು. ಕೇಳುವವಳು, ನಿಜವಾದ ದೀಪವಲ್ಲ ಅಜ್ಜಿ, ಮನಸ್ಸಿನಲ್ಲಿ ಎಂದಳು. ಅಜ್ಜಿ, ಮನಸ್ಸಿನ ದೀಪ ಆರಿಸುವುದಂತೂ ಇನ್ನೂ ಕೆಟ್ಟದ್ದು ಎಂದು ಬತ್ತಿಯ ಕಡೆ ತಿರುಗಿದಳು. ಮಗು ಊದಬೇಕೋ ಬಿಡಬೇಕೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕೂತಿತ್ತು.

ಹೋಗುವ ಮುನ್ನ ಕೇಳುವವಳು ತಾಯಿಯನ್ನು ಪಕ್ಕಕ್ಕೆ ಕರೆದು ಮಗು ಏನನ್ನೋ ಬಚ್ಚಿಡುತ್ತಿದೆ ಎಂದಳು. ಗೊತ್ತಿಲ್ಲ ಅನ್ನುವುದು ಬಚ್ಚಿಡುವವರ ಮಾತು, ಹುಣ್ಣಿಮೆಗೆ ನಾನೇ ಬರುತ್ತೇನೆ, ಬಟ್ಟೆ ಗಂಟು ಕಟ್ಟಿಡಿ ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಮರುಕವಿತ್ತು. ತಾಯಿಯನ್ನು ಆ ಮರುಕವೇ ಹೆಚ್ಚು ಸುಟ್ಟಿತು.

ನಾನೂ ಸುಮ್ಮನಿರಲಿಲ್ಲ. ಸ್ವಾಮಿಯ ಭಂಡಾರ ತಂದು ಮಗುವಿನ ಹಣೆಗೆ ಇಟ್ಟೆ. ತಾಯಿಗೆ ಹರಕೆ ಕಟ್ಟಿಕೊ ಅಂದೆ, ಕಟ್ಟಿಕೊಂಡಳು. ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕು ಅಂದೆ, ಹಾಕಿದಳು. ದೇವರಲ್ಲಿ ನನಗಿರುವ ನಂಬಿಕೆಯನ್ನು ಸಾಲವಾಗಿ ಕೊಡಲು ಬರುವ ಹಾಗಿದ್ದರೆ ಅದನ್ನೂ ಕೊಡುತ್ತಿದ್ದೆ. ಗರ್ಭಗುಡಿಯ ಮುಂದೆ ಕೂತು, ಸ್ವಾಮಿ, ಇವಳು ಮಾಡದೆ ಬಿಟ್ಟದ್ದು ಯಾವುದು ಎಂದಾದರೂ ಹೇಳು ಎಂದು ಬೇಡಿದೆ. ಅವನು ಹೂವನ್ನು ಬಲಕ್ಕೂ ಬೀಳಿಸಲಿಲ್ಲ, ಎಡಕ್ಕೂ ಬೀಳಿಸಲಿಲ್ಲ.

ಹುಣ್ಣಿಮೆ ಬಂತು.

ಸಂಜೆ ನಾನು ಅವರ ಹೊಸ್ತಿಲಿಗೆ ಬರುವಾಗ ಪಾತ್ರೆ ಮುಕ್ಕಾಲು ತುಂಬಿತ್ತು. ಕೇಳುವವಳು ನನಗಿಂತ ಮೊದಲೇ ಬಂದು ಜಗಲಿಯ ಕಂಬದ ಬಳಿ ಕೈಕಟ್ಟಿ ನಿಂತಿದ್ದಳು. ತಂದೆ ಬಟ್ಟೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ತಾಯಿ ಬೆಳಗಿನಿಂದ ಸೌದೆ ಒಟ್ಟುತ್ತಲೇ ಇದ್ದಳಂತೆ. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಮಂಡಿಯೂರಿ ಕೇಳುತ್ತಿದ್ದಳು. ದನಿ ಇನ್ನೂ ಪಾಠ ಹೇಳಿಕೊಟ್ಟಷ್ಟೇ ಮೆತ್ತಗಿತ್ತು. ಹಾಗೆ ಮೆತ್ತಗಿಡಲು ಅವಳು ಪಡುತ್ತಿದ್ದ ಪಾಡು ಕತ್ತಿನ ನರದಲ್ಲಿ ಕಾಣುತ್ತಿತ್ತು.

ಮಗಳು ಗೊತ್ತಿಲ್ಲಮ್ಮ ಅಂದಳು.

ಅವತ್ತು ಆ ಉತ್ತರಕ್ಕೂ ತಾಯಿಯ ಕೈ ಸೌಟಿಗೆ ಹೋಯಿತು. ಕಾಳು ಬಂತು. ಬೆರಳ ನಡುವೆ ಕಲ್ಲು.

ಆಗ ತಾಯಿಯೊಳಗೆ ಏನೋ ಮುರಿಯಿತು. ಸೌಟನ್ನು ಗೋಡೆಗೆ ಬೀಸಿದಳು. ಅದು ಮುಖಗಳ ಹಲಗೆಗೆ ಬಡಿದು, ಹಲಗೆ ಮೊಳೆಯಿಂದ ಕಳಚಿ ಕವುಚಿ ಬಿತ್ತು. ಪಕ್ಕದಲ್ಲಿದ್ದ ನೀರಿನ ಬಿಂದಿಗೆಯನ್ನು ಎತ್ತಿ ಒಲೆಗೇ ಸುರಿದಳು. ಬೆಂಕಿ ಭುಸ್ಸೆಂದಿತು. ಮನೆಯೆಲ್ಲ ಹೊಗೆ, ಬೂದಿ, ಕೆಮ್ಮು. ನಮ್ಮೂರಿನಲ್ಲಿ ಉರಿಯುವ ಒಲೆಗೆ ಯಾರೂ ನೀರು ಹಾಕುವುದಿಲ್ಲ. ಅಜ್ಜಿ ಬತ್ತಿಯನ್ನು ಕೈಬಿಟ್ಟು ಸ್ವಾಮಿಯ ಹೆಸರು ಹೇಳಿದಳು, ನಾನೂ ಹೇಳಿದೆ.

“ಸಾಕು,” ಅಂದಳು ತಾಯಿ. ಈಗ ದನಿ ಮೆತ್ತಗಿರಲಿಲ್ಲ. “ಬೇಯದಿದ್ದರೆ ಬೇಡ. ನನ್ನ ಕೈಲಾಗಲ್ಲ. ಕೇಳಿ ಕೇಳಿ ನಾಲಿಗೆ ಸತ್ತುಹೋಯ್ತು. ಹಸಿವಾಗಿದೆ ನನಗೆ.”

ಅವಳು ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ನೀರು ಬಸಿದು, ನೆಲದ ಮೇಲೆ ಕಾಲು ಚಾಚಿ ಕೂತಳು. ಮಂಡಿಯೂರಲಿಲ್ಲ. ಗೋಡೆಗೆ ಒರಗಿ, ಬಿಸಿ ಹಸಿ ಅಕ್ಕಿಯನ್ನು ಮುಷ್ಟಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಕಟಕಟ ಸದ್ದು ಹೊಸ್ತಿಲವರೆಗೆ ಕೇಳುತ್ತಿತ್ತು. ಅಗಿಯುತ್ತ ಅಳುತ್ತಿದ್ದಳು.

ಕೇಳುವವಳು ನನ್ನ ಕಡೆ ನೋಡಿ, ಮಗುವಿನ ಎದುರು ಹೀಗೆಲ್ಲ ಮಾಡಬಾರದು ಎಂದಳು. ಬಾರದು ನಿಜವೇ.

ಮಗಳು ಮಣೆಯ ಮೇಲೆ ಹಾಗೇ ಕೂತಿದ್ದಳು. ಹೆದರಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬೂದಿನೀರು ದಾಟಿ ಬಂದು ಅಮ್ಮನ ಪಕ್ಕ ಕೂತಳು. ಅವಳೂ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ಇಬ್ಬರೂ ಅಗಿದರು. ಹೊಗೆ ಮೆಲ್ಲಗೆ ಬೆಳಕಿಂಡಿಯ ಕಡೆ ಹೋಗುತ್ತಿತ್ತು.

“ಗಟ್ಟಿ,” ಅಂದಳು ಮಗಳು.

“ಹೂಂ.”

“ಈಗ ಕಾಳು ಹಿಸುಕಲ್ವಾ?”

“ಒಲೆ ಆರಿಹೋಯ್ತಲ್ಲ.”

ಮಗಳು ಆರಿದ ಒಲೆಯನ್ನು ನೋಡಿದಳು. ಅದನ್ನು ಅವಳು ಹಾಗೆ ಎಂದೂ ನೋಡಿರಲಿಲ್ಲ. ಆಮೇಲೆ ಅಮ್ಮನ ತೋಳಿಗೆ ತಲೆ ಆನಿಸಿ, ಅಗಿಯುವುದನ್ನು ನಿಲ್ಲಿಸದೆ ಹೇಳಿದಳು.

“ಅಮ್ಮಾ, ಸಂಜೆ ಆದ್ರೆ ನಂಗೆ ಹೀಗಾಗುತ್ತೆ.”

ತಾಯಿಯ ಬಾಯಿ ತೆರೆಯಿತು. ಹೇಗೆ ಎನ್ನುವ ಮಾತು ಅವಳ ತುಟಿಗೆ ಬಂದದ್ದನ್ನು ನಾನು ಹೊಸ್ತಿಲಿಂದ ಕಂಡೆ. ಹೇಗೆ, ಯಾವಾಗಿನಿಂದ, ಯಾರಿಂದ. ಕೇಳುವವಳೂ ಅದನ್ನೇ ಕಾದು ಒಂದು ಹೆಜ್ಜೆ ಮುಂದಿಟ್ಟಳು. ತಾಯಿ ಬಾಯಿ ಮುಚ್ಚಿದಳು. ಆ ಮಾತನ್ನು ಹಸಿ ಅಕ್ಕಿಯ ಜೊತೆ ನುಂಗಿದಳು. ಅವಳ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಾರದು.

ಮಗಳು ಅಮ್ಮನ ಅಂಗೈ ತೆಗೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

“ಹೀಗೆ,” ಅಂದಳು.

“ಹೂಂ,” ಅಂದಳು ತಾಯಿ.

ಅಷ್ಟೇ. ಅದಕ್ಕೆ ಹೆಸರಿರಲಿಲ್ಲ, ಕಾರಣವಿರಲಿಲ್ಲ. ಕವುಚಿ ಬಿದ್ದ ಹಲಗೆಯಲ್ಲಿ ಅದರ ಮುಖವೂ ಇರಲಿಲ್ಲ. ಮಗು ಬಚ್ಚಿಟ್ಟಿರಲಿಲ್ಲ. ಅದಕ್ಕೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಅದು ಇಷ್ಟು ದಿನವೂ ಹೇಳಿತ್ತು. ಊರಿಗೆ ಊರೇ ಸೇರಿ ಆ ಉತ್ತರವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನೂ ಊರಿನವಳೇ.

ನಾನು ಪಾತ್ರೆಯ ಕಡೆ ನೋಡಿದೆ, ಅವಳ ಪಾತ್ರೆಯ ಕಡೆ. ಭಕ್ತರ ಕಥೆಗಳಲ್ಲಾದರೆ ಈ ಹೊತ್ತಿಗೆ ಬೆಂಕಿಯಿಲ್ಲದೆಯೇ ಅನ್ನ ತಾನಾಗಿ ಅರಳಿರಬೇಕಿತ್ತು. ಸುಳ್ಳೇಕೆ ಹೇಳಲಿ, ನಾನು ಅದನ್ನೇ ಕಾಯುತ್ತಿದ್ದೆ. ಸ್ವಾಮಿ, ಈಗ, ಈಗ ಎಂದು ಒಳಗೊಳಗೇ ಅವನನ್ನು ದೂಡುತ್ತಿದ್ದೆ. ಅಕ್ಕಿ ಅಕ್ಕಿಯಾಗಿಯೇ ಇತ್ತು. ಒಂದು ಕಾಳೂ ಮೆತ್ತಗಾಗಲಿಲ್ಲ. ಅವನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಹೊರಗೆ ಗುಡಿಯ ಗಂಟೆ ಶುರುವಾಯಿತು. ಕೇಳುವವಳು ಹೊಸ್ತಿಲು ದಾಟಿ ಒಳಗೆ ಬಂದು ಮಗುವಿನ ಮುಂದೆ ಮಂಡಿಯೂರಿದಳು. ಬಾ ಪುಟ್ಟ, ಹೋಗೋಣ ಅಂದಳು. ಮಗಳು ಅಮ್ಮನ ಕೈಯನ್ನು ಎದೆಯ ಮೇಲಿಂದ ಬಿಡಲಿಲ್ಲ. ತಂದೆ ಗಂಟು ಹಿಡಿದುಕೊಂಡೇ ಎದ್ದು ನಿಂತ, ಎಲ್ಲಿಗೆ ಹೋಗಬೇಕೆಂದು ತಿಳಿಯದವನ ಹಾಗೆ.

ನನ್ನ ಕಾಲು ತಾನಾಗಿ ಹೊಸ್ತಿಲು ದಾಟಿತು. ಪಾತ್ರೆಯವಳು ಮನೆಯೊಳಗೆ ಹೋಗುವ ಪದ್ಧತಿಯಿಲ್ಲ. ನಾನು ಆ ತಾಯಿಯ ಮುಂದೆ ಬೂದಿನೀರಿನಲ್ಲೇ ನಿಂತು ಸ್ವಾಮಿಯ ಪಾತ್ರೆಯನ್ನು ಸೊಂಟದಿಂದ ಇಳಿಸಿದೆ.

“ಹಾಕಮ್ಮ,” ಅಂದೆ.

ತಾಯಿ ನನ್ನ ಮುಖ ನೋಡಿದಳು. ಕೈ ಮಗಳ ಹತ್ತಿರವಿತ್ತು, ಅದನ್ನು ತೆಗೆಯಲಿಲ್ಲ. ಇನ್ನೊಂದು ಕೈಯಿಂದ, ಎಡಗೈಯಿಂದ, ಹಸಿ ಅಕ್ಕಿಯ ಒಂದು ಹಿಡಿ ತೆಗೆದು ಬಿಸಿ ಅನ್ನದ ಮೇಲೆ ಹಾಕಿದಳು.

“ಪಾತ್ರೆಯಮ್ಮ, ಅದು ಅಕ್ಕಿ,” ಅಂದಳು ಕೇಳುವವಳು.

“ಕಣ್ಣು ಇನ್ನೂ ಕಾಣಿಸುತ್ತೆ ತಾಯಿ ನನಗೆ.”

“ನೈವೇದ್ಯಕ್ಕೆ ಬೆಂದದ್ದೇ ಆಗಬೇಕು. ತೆಗೀರಿ ಅದನ್ನ.”

“ನೀವೇ ತೆಗೀರಿ,” ಅಂದೆ.

ಕೇಳುವವಳ ಕೈ ಮುಂದೆ ಬಂದು ಗಾಳಿಯಲ್ಲಿ ನಿಂತಿತು. ಸ್ವಾಮಿಯ ಪಾತ್ರೆಗೆ ಬಿದ್ದದ್ದು ಸ್ವಾಮಿಯದು. ಅವನು ಉಣ್ಣುವ ಮೊದಲು ಅದರೊಳಗೆ ಕೈಯಿಡುವ ಧೈರ್ಯ ಕೇಳುವವರಿಗೂ ಇಲ್ಲ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅವಳೂ ಕೆಟ್ಟವಳಲ್ಲ. ಅವಳ ಮುಖದಲ್ಲಿ ನಾನು ಕಂಡದ್ದು ದಣಿವು. ಎಷ್ಟು ಮಕ್ಕಳನ್ನು ಕೇಳಿದ್ದಳೋ, ಎಷ್ಟು ಉತ್ತರ ಹೊತ್ತಿದ್ದಳೋ. ಹಿರಿಯರಿಗೆ ತಿಳಿಸುತ್ತೇನೆ ಎಂದು ಹೇಳಿ, ಸೀರೆಗೆ ಅಂಟಿದ ಬೂದಿ ಕೊಡವಿಕೊಂಡು ಹೊರಟುಹೋದಳು. ತಿಳಿಸಲಿ. ಹುಣ್ಣಿಮೆಗೆ ಆ ಮನೆಯಿಂದ ಹಿಡಿ ಬಂದಿದೆ. ಪಾತ್ರೆಯವಳ ಮಾತಿನ ಮೇಲೆ ಆ ದಿನಕ್ಕೆ ಇನ್ನೊಂದು ಮಾತಿಲ್ಲ. ಮುಂದಿನ ಹುಣ್ಣಿಮೆಗೆ ಪಾತ್ರೆ ಹೊರಲು ನನ್ನನ್ನು ಬಿಡುತ್ತಾರೋ ಇಲ್ಲವೋ ಅದು ಬೇರೆ ವಿಷಯ.

ನಾನು ಹೊಸ್ತಿಲು ದಾಟುವಾಗ ತಂದೆ ಗಂಟು ಬಿಚ್ಚುತ್ತಿದ್ದ. ಈ ಸಲ ಮಗಳ ಲಂಗವನ್ನು ತೆಗೆದು ಹಗ್ಗದ ಮೇಲೆ ಹರವಿದ. ಒಳಗೆ ತಾಯಿ ಅಜ್ಜಿಯ ಮೇಲೆ, ಒಲೆ ಒಣಗುವುದಕ್ಕೆ ಎಷ್ಟು ಹೊತ್ತಾಗುತ್ತದೋ, ಎಲ್ಲರಿಗೂ ಮುದ್ದೆಯೇ ಗತಿ ಎಂದು ಸಿಡುಕುತ್ತಿದ್ದಳು. ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕೆಂದು ನಾನೂ ಬಯಸಲಿಲ್ಲ.

ಗುಡಿಯಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದರು. ನಾನು ಪಾತ್ರೆಯನ್ನು ಗರ್ಭಗುಡಿಯ ಮೆಟ್ಟಿಲಿಗೆ ಒಯ್ದು ಸ್ವಾಮಿಯ ಮುಂದೆ ಇಟ್ಟೆ. ಬಿಳಿ ಅನ್ನದ ಮೇಲೆ ಆ ಒಂದು ಹಿಡಿ ಅಕ್ಕಿ ಬೂದಿ ಮೆತ್ತಿಕೊಂಡು ಬೇರೆಯಾಗಿಯೇ ಕಾಣುತ್ತಿತ್ತು. ಪರದೆ ಎಳೆಯುವ ಮೊದಲು ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಅವನಿಗೆ ಹೇಳಿದೆ.

“ಬೇಯಿಸಲ್ಲ ಅಂದವನು ನೀನು. ಈಗ ಅಗಿ.”

ಪರದೆ ಎಳೆದರು. ಒಳಗೆ ಅವನು ಏನು ಮಾಡಿದನೋ ನನಗೆ ತಿಳಿಯದು. ಹುಡುಗಿ ಮಾತ್ರ ಆ ದಿನ ತನ್ನ ಮನೆಯಲ್ಲೇ, ತನ್ನ ಅಮ್ಮನ ಪಕ್ಕದಲ್ಲೇ ಮಲಗಿದಳು.